ಮದುವೆಯ ಆರತಕ್ಷತೆಯ ಊಟವೂ ಮಿತವ್ಯಯವೂ

ಶಾಲೆಯಲ್ಲಿದ್ದಾಗ ಗೃಹಶಾಸ್ತ್ರದ ತರಗತಿಯಲ್ಲಿ ನಾವು ನಾಲ್ಕು ಮಂದಿಗೆ ಅಡಿಗೆ ಮಾಡುವುದನ್ನು ಕಲಿತೆವು. ಆ ಅಡಿಗೆಯನ್ನು ಐವತ್ತರಿಂದ ಗುಣಿಸಿದರೆ ಇನ್ನೂರು ಮಂದಿಯ ಅಡಿಗೆಯಾಗುವುದೆಂದು ಆಗ ತಿಳಿದಿದ್ದೆವು. ಗೃಹಿಣಿಯರಾಗಿ ಒಂದೆರಡು ಮದುವೆಗಳ ಉಗ್ರಾಣವನ್ನು ನೋಡಿಕೊಂಡ ಮೇಲೆ, ಆ ಗುಣಾಕಾರದಲ್ಲಿ ಬಾರದ ಅನೇಕ ಸಂಗತಿಗಳು ಇವೆಯೆಂದು ಮನವರಿಕೆಯಾಯಿತು. ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರು ಈಗ ಮಕ್ಕಳ ಮದುವೆಯ ಮಾತನ್ನಾಡುವ ವಯಸ್ಸಿನವರು. ತಂದೆತಾಯಿಗಳಲ್ಲಿ ಹಲವರು ಆ ಚಿಂತೆಯಲ್ಲಿ ಈಗಾಗಲೇ ಇರುವವರು. ಆದುದರಿಂದ ಕಡಿಮೆ ಹಣದಲ್ಲಿ ಆರತಕ್ಷತೆಯ ಊಟವನ್ನು ಗೌರವವಾಗಿ ಬಡಿಸುವ ಬಗೆಯನ್ನು ಇಲ್ಲಿ ಪಾಠದಂತೆ ಕ್ರಮವಾಗಿ ಬರೆಯಲು ಯತ್ನಿಸಿರುವೆವು.

ಮೊದಲು ನಮ್ಮ ಮನೆಯಲ್ಲಿಯೇ ನಡೆದ ತಪ್ಪೊಂದನ್ನು ಮರೆಮಾಚದೆ ಹೇಳಿಬಿಡುವುದು ಒಳ್ಳೆಯದು. ಹಿರಿಯ ಮಗಳ ಮದುವೆ. ಆರತಕ್ಷತೆಯ ರಾತ್ರಿ ಎಲೆಯ ಮೇಲೆ ಹದಿನೇಳು ಪದಾರ್ಥಗಳು. ಅವುಗಳಲ್ಲಿ ಸಿಹಿಯೇ ಮೂರು ಬಗೆ. ಕೈಯಲ್ಲಿದ್ದ ಹಣ ಸಾಲದೆ ಎರಡು ಬಳೆಗಳನ್ನು ಅಡವಿಟ್ಟೆವು. ಮೊದಲನೆಯ ಮೂರು ಪಂಕ್ತಿಗಳವರು ಹೊಗಳುತ್ತ ಎದ್ದರು. ನಾಲ್ಕನೆಯ ಪಂಕ್ತಿಯ ನಡುವೆ ಹುಳಿ ಮುಗಿಯಿತು. ಐದನೆಯದಕ್ಕೆ ಅನ್ನವೂ ತಳ ಕಂಡಿತು. ಆ ಕೊನೆಯ ಪಂಕ್ತಿಯಲ್ಲಿ ಕುಳಿತವರು ಯಾರೆಂದರೆ, ಬೆಳಗಿನಿಂದ ತೆಂಗಿನಕಾಯಿ ತುರಿದ ನಮ್ಮ ಸೋದರತ್ತೆ, ಪಾತ್ರೆ ತೊಳೆದ ಹೆಂಗಸರು, ಬಸ್ಸು ತಪ್ಪಿ ಹಳ್ಳಿಯಿಂದ ತಡವಾಗಿ ಬಂದ ನೆಂಟರು. ಅವರಿಗೆ ಬಡಿಸಿದ್ದು ನೀರು ಬೆರೆಸಿದ ಸಾರು ಮತ್ತು ಮಜ್ಜಿಗೆ. ಮರುದಿನ ಬೆಳಿಗ್ಗೆ ನೋಡಿದರೆ ಒಂದು ಕೊಳಗದ ತುಂಬ ಜಿಲೇಬಿ ಉಳಿದಿತ್ತು. ಸೋದರತ್ತೆ ಒಂದು ಮಾತನ್ನೂ ಆಡಲಿಲ್ಲ. ಬಳೆಗಳನ್ನು ಬಿಡಿಸಿಕೊಳ್ಳಲು ನಮಗೆ ಮೂರು ವರುಷ ಬೇಕಾಯಿತು. ಅತ್ತೆಯ ಎಲೆಯನ್ನು ನೆನೆದರೆ ಇಂದಿಗೂ ನಾಚಿಕೆಯಾಗುವುದು.

ಈ ಅನುಭವದಿಂದ ನಾವು ಕಲಿತ ಸೂತ್ರ ಒಂದೇ. ಆರತಕ್ಷತೆಯ ಊಟದ ಯೋಗ್ಯತೆಯನ್ನು ಮೊದಲನೆಯ ಎಲೆಯಲ್ಲಿ ಎಷ್ಟು ಪದಾರ್ಥಗಳಿದ್ದುವು ಎಂಬುದರಿಂದ ಅಳೆಯಕೂಡದು. ಕೊನೆಯ ಎಲೆಗೆ ಏನು ಬಿತ್ತು ಎಂಬುದರಿಂದ ಅಳೆಯಬೇಕು. ಹಣ ಸಾಲದಿದ್ದರೆ ಪದಾರ್ಥಗಳ ಸಂಖ್ಯೆಯನ್ನು ಕಡಿಮೆ ಮಾಡತಕ್ಕದ್ದೇ ಹೊರತು ಅಳತೆಯನ್ನಾಗಲಿ ಆದರವನ್ನಾಗಲಿ ಕಡಿಮೆ ಮಾಡತಕ್ಕದ್ದಲ್ಲ. ಮುಂದೆ ಹೇಳುವುದೆಲ್ಲವೂ ಈ ಸೂತ್ರದ ವಿವರಣೆಯೇ.

೧. ಮೊದಲು ಹಣ, ಅನಂತರ ಅಡಿಗೆ

ಸಾಮಾನ್ಯವಾಗಿ ನಾವು ಮೊದಲು ಅಡಿಗೆಯ ಪಟ್ಟಿಯನ್ನು ಬರೆದು, ಆಮೇಲೆ ಅದಕ್ಕೆ ಹಣವನ್ನು ಹುಡುಕುತ್ತೇವೆ. ಇದು ತಲೆಕೆಳಗಾದ ಕ್ರಮ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಹುಡುಗಿಯರಿಗೆ ಕಲಿಸಿ, ಮದುವೆಯ ದಿನ ನಾವೇ ಅದನ್ನು ಮರೆಯುತ್ತೇವೆ. ಸಾಲವಿಲ್ಲದೆ ಊಟಕ್ಕೆಂದು ಎಷ್ಟು ಹಣವನ್ನು ಎತ್ತಿಡಬಹುದೆಂದು ಮನೆಯವರೆಲ್ಲರೂ ಕುಳಿತು ಮೊದಲು ನಿಶ್ಚಯಿಸಬೇಕು. ಮದುವಣಗಿತ್ತಿಯೂ ಆ ಮಾತಿನಲ್ಲಿ ಇರಲಿ. ಅವಳ ಹೆಸರಿನಲ್ಲಿ ಆಗುವ ವೆಚ್ಚ ಅವಳಿಗೆ ತಿಳಿದಿರುವುದು ನ್ಯಾಯ.

ಆ ಹಣವನ್ನು ಹತ್ತು ಭಾಗ ಮಾಡಿರಿ. ಐದು ಭಾಗ ಸಾಮಾನಿಗೆ, ಎರಡು ಭಾಗ ಅಡಿಗೆಯವರ ಮತ್ತು ಬಡಿಸುವವರ ಕೂಲಿಗೆ, ಒಂದು ಭಾಗ ಎಲೆ, ನೀರು, ಉರುವಲುಗಳಿಗೆ, ಒಂದು ಭಾಗ ಪಾತ್ರೆಗಳ ಬಾಡಿಗೆಗೂ ಸಾಗಣೆಗೂ. ಉಳಿದ ಒಂದು ಭಾಗವನ್ನು ಮುಟ್ಟದೆ ಮನೆಯ ಹಿರಿಯರೊಬ್ಬರ ಕೈಯಲ್ಲಿ ಕೊಟ್ಟಿಡಿ. ಅನಿಲದ ಸಿಲಿಂಡರು ಮುಗಿದರೆ, ಹಾಲು ಒಡೆದರೆ, ಇಪ್ಪತ್ತು ಜನ ಹೆಚ್ಚು ಬಂದರೆ, ಆಗ ಅದು ಬೇಕಾಗುವುದು. ಊರೂರಿಗೆ ಕೂಲಿ ಬಾಡಿಗೆಗಳು ಬೇರೆಯಾಗಿರುವುದರಿಂದ ಈ ಭಾಗಗಳಲ್ಲಿ ಸ್ವಲ್ಪ ವ್ಯತ್ಯಾಸ ಮಾಡಿಕೊಳ್ಳಬಹುದು; ಹತ್ತನೆಯ ಭಾಗವನ್ನು ಮಾತ್ರ ಬಿಡಕೂಡದು.

ಬೀಗರ ಸಂಗಡ ಮಾತನಾಡುವುದು ಇದಕ್ಕಿಂತಲೂ ಕಷ್ಟವಾದ ಕೆಲಸ. ಆದರೆ ನಿಶ್ಚಿತಾರ್ಥದ ದಿನವೇ ಆಡಬಹುದಾದ ಮಾತನ್ನು ಧಾರೆಯ ಹಿಂದಿನ ದಿನಕ್ಕೆ ಮುಂದೂಡಿದರೆ ಅದು ಜಗಳವಾಗುವುದು. "ಬೀಗರೇ, ನಿಮ್ಮ ಕಡೆಯವರಿಗೆ ಹೊಟ್ಟೆ ತುಂಬ ಊಟ ಹಾಕುತ್ತೇವೆ; ಬಗೆ ಮಾತ್ರ ಏಳೆಂಟೇ. ನಿಮ್ಮಲ್ಲಿ ಬಿಡಬಾರದೆಂಬ ಪದಾರ್ಥ ಯಾವುದಾದರೂ ಇದ್ದರೆ ಈಗಲೇ ಅಪ್ಪಣೆಯಾಗಲಿ, ಅದನ್ನು ಸೇರಿಸುತ್ತೇವೆ," ಎಂದು ಹೇಳಿದಾಗ ಮುನಿದವರನ್ನು ನಾವು ಕಂಡದ್ದು ಅಪರೂಪ. ಎರಡು ಮನೆಯವರೂ ಆರತಕ್ಷತೆಯ ವೆಚ್ಚವನ್ನು ಸಮನಾಗಿ ಹಂಚಿಕೊಳ್ಳುವ ವಾಡಿಕೆ ಈಗ ಹಲವು ಕುಟುಂಬಗಳಲ್ಲಿ ಬಂದಿದೆ. ಇದು ಹೆಣ್ಣುಹೆತ್ತವರಿಗೆ ಮಾಡುವ ಉಪಕಾರವೆಂದು ಎಣಿಸಬೇಕಾಗಿಲ್ಲ. ಆದರಿಸಿಕೊಳ್ಳುವ ಅತಿಥಿಗಳು ಇಬ್ಬರಿಗೂ ಸೇರಿದವರಷ್ಟೆ.

೨. ತಲೆಯೆಣಿಕೆ

ಎಷ್ಟು ಕರೆಯೋಲೆಗಳನ್ನು ಹಂಚಿದೆವೆಂಬುದು ಎಷ್ಟು ಎಲೆ ಹಾಕಬೇಕೆಂಬುದಕ್ಕೆ ಲೆಕ್ಕವಲ್ಲ. ಒಂದು ಕರೆಯೋಲೆಗೆ ಒಂದು ಮನೆಯಿಂದ ಒಬ್ಬರೇ ಬರಬಹುದು, ಇನ್ನೊಂದು ಮನೆಯಿಂದ ಎಂಟು ಜನ ಬರಬಹುದು. ಆದುದರಿಂದ ಮನೆಮನೆಯಾಗಿ ಹೆಸರು ಬರೆದು, ಎದುರಿಗೆ ಮೂರು ಕಲಮುಗಳನ್ನು ಮಾಡಿರಿ: ಖಂಡಿತವಾಗಿ ಬರುವವರು, ಬಂದರೂ ಬರಬಹುದಾದವರು, ಬರಲಾರದವರು. ಮೊದಲನೆಯವರನ್ನು ಪೂರ್ತಿಯಾಗಿಯೂ ಎರಡನೆಯವರನ್ನು ಅರ್ಧವಾಗಿಯೂ ಎಣಿಸಬೇಕು.

ಉದಾಹರಣೆಗೆ, ಖಂಡಿತವಾಗಿ ಬರುವವರು ೧೩೦ ಮಂದಿ. ಬರಬಹುದಾದವರು ೮೦ ಮಂದಿ, ಅವರಲ್ಲಿ ಅರ್ಧ ೪೦. ಒಟ್ಟು ೧೭೦. ಇದಕ್ಕೆ ಅಡಿಗೆಯವರು, ಬಡಿಸುವವರು, ಪಾತ್ರೆ ತೊಳೆಯುವವರು, ವಾದ್ಯದವರು, ವಾಹನ ನಡೆಸುವವರು ಎಂದು ೨೦ ಮಂದಿಯನ್ನು ಸೇರಿಸಿರಿ. ಬಹಳ ಮನೆಗಳಲ್ಲಿ ಮರೆತುಹೋಗುವ ಸಂಖ್ಯೆ ಇದೇ. ಅನಿರೀಕ್ಷಿತವಾಗಿ ಬರುವವರಿಗೆಂದು ೧೦. ಈಗ ೨೦೦ ಆಯಿತು. ಮುಂದಿನ ಲೆಕ್ಕವನ್ನೆಲ್ಲ ಈ ಇನ್ನೂರನ್ನು ಹಿಡಿದೇ ಹೇಳುವೆವು.

ಎಣಿಕೆಯನ್ನೇ ಕಡಿಮೆ ಮಾಡುವುದು ಮಿತವ್ಯಯದ ಮೊದಲ ಉಪಾಯವೆಂಬುದು ನಿಜ. ಆದರೆ ಜನ ಕಡಿಮೆಯಾದರೆ ಮದುವೆಯ ಕಳೆ ಹೋಗುವುದೆಂದು ಅಂಜುವವರುಂಟು. ಅಂಥವರು ಕೆಲವು ಸಂಗತಿಗಳನ್ನು ನೆನೆಯಬೇಕು. ಕುವೆಂಪು ಅವರು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ೧೯೬೬ರಲ್ಲಿ 'ಮಂತ್ರಮಾಂಗಲ್ಯ'ವೆಂಬ ಸರಳ ಕ್ರಮದಲ್ಲಿ ನಡೆಯಿಸಿದರು. ಆ ಕ್ರಮವನ್ನು ಅನುಸರಿಸಿ ಅನಂತರ ಎಷ್ಟೋ ಮದುವೆಗಳು ನಡೆದುವು. ಮದುವೆಯ ಸಾಲದಿಂದ ಬಡಕುಟುಂಬಗಳನ್ನು ಉಳಿಸುವುದಕ್ಕೆಂದು ಧರ್ಮಸ್ಥಳದಲ್ಲಿ ಸಾಮೂಹಿಕ ವಿವಾಹಗಳು ೧೯೭೨ರಲ್ಲಿ ಮೊದಲಾದುವು. ಕೋವಿಡ್ ರೋಗದ ಕಾಲದಲ್ಲಿ, ೨೦೨೦ರ ಮೇ ತಿಂಗಳಲ್ಲಿ, ಮದುವೆಗೆ ೫೦ ಮಂದಿಗಿಂತ ಹೆಚ್ಚು ಸೇರಕೂಡದೆಂದು ಕೇಂದ್ರ ಸರಕಾರವು ನಿಯಮ ಮಾಡಿದಾಗ, ನಮ್ಮ ನೆಂಟರಿಷ್ಟರಲ್ಲಿಯೇ ಐವತ್ತು ಜನರ ಮುಂದೆ ಮದುವೆಯಾದವರಿದ್ದಾರೆ. ಅವರ ಮದುವೆಯಲ್ಲಿ ಏನು ಕಡಿಮೆಯಾಯಿತೆಂದು ಈಗ ಯಾರೂ ಕೇಳುವುದಿಲ್ಲ.

೩. ಹೊತ್ತಿನ ಆಯ್ಕೆ

ಆರತಕ್ಷತೆಯನ್ನು ಯಾವ ಹೊತ್ತಿನಲ್ಲಿ ಇಡುತ್ತೇವೆಯೋ ಅದರಿಂದಲೇ ವೆಚ್ಚದ ಬಹುಪಾಲು ನಿರ್ಧಾರವಾಗುವುದು. ರಾತ್ರಿ ಏಳೂವರೆ ಗಂಟೆಗೆ ಕರೆದವರಿಗೆ ಊಟವನ್ನೇ ಹಾಕಬೇಕು. ಮಧ್ಯಾಹ್ನ ನಾಲ್ಕು ಗಂಟೆಗೆ ಕರೆದವರಿಗೆ ಫಲಾಹಾರ ಸಾಕು. ಅದು ಅಗೌರವವೇನೂ ಅಲ್ಲ. ಕರೆಯೋಲೆಯಲ್ಲಿ 'ಲಘು ಉಪಾಹಾರ' ಎಂದು ತಿಳಿಯಾಗಿ ಅಚ್ಚು ಹಾಕಿಸಿದರೆ ಬರುವವರು ಮನೆಯಲ್ಲಿ ಊಟ ಮುಗಿಸಿಕೊಂಡೇ ಬರುವರು. ಅಚ್ಚು ಹಾಕಿಸದೆ ಊಟದ ಆಸೆ ಹುಟ್ಟಿಸಿ, ಬಂದವರಿಗೆ ತಿಂಡಿ ಕೊಡುವುದೇ ತಪ್ಪು.

ಫಲಾಹಾರವಾದರೆ ನೂರು ಮಂದಿಗೆ ಉಪ್ಪಿಟ್ಟಿಗೆ ೬ ಕಿಲೋ ರವೆ, ಕೇಸರಿಭಾತಿಗೆ ಎರಡೂವರೆ ಕಿಲೋ ರವೆ, ಒಂದೊಂದು ಬಾಳೆಯ ಹಣ್ಣು, ೧೨ ಲೀಟರು ಕಾಫಿ ಇಷ್ಟರಲ್ಲಿ ಕೆಲಸವಾಗುವುದು. ಉಪ್ಪಿಟ್ಟು ಆರಿದರೆ ಗಂಟಾಗುವುದರಿಂದ ರವೆಯನ್ನು ಹಿಂದಿನ ದಿನವೇ ಹದವಾಗಿ ಹುರಿದಿಟ್ಟುಕೊಂಡು, ಮೂರು ಸಲವಾಗಿ ಕೆದಕುವುದು ಮೇಲು.

೪. ಪದಾರ್ಥಗಳ ಪಟ್ಟಿ

ಊಟವನ್ನೇ ಹಾಕುವುದಾದರೆ ನಾವು ಸೂಚಿಸುವ ಪಟ್ಟಿ ಇದು: ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಒಂದು ಪಲ್ಯ, ಒಂದು ಪಾಯಸ, ಚಿತ್ರಾನ್ನ, ಹಪ್ಪಳ, ಅನ್ನ, ಹುಳಿ, ಸಾರು, ಮಜ್ಜಿಗೆ. ಉಪ್ಪು, ಉಪ್ಪಿನಕಾಯಿ, ಅನ್ನಗಳನ್ನು ಬಿಟ್ಟರೆ ಎಂಟು ಪದಾರ್ಥಗಳಾದುವು. ಇವುಗಳಲ್ಲಿ ಉಪ್ಪು ಹುಳಿ ಖಾರ ಸಿಹಿಗಳೆಲ್ಲವೂ ಉಂಟು. ಬೇಳೆ, ತರಕಾರಿ, ಹಾಲಿನ ಅಂಶಗಳೂ ಉಂಟು. ಇದಕ್ಕೆ ಒಂಬತ್ತನೆಯದನ್ನು ಸೇರಿಸುವ ಮುನ್ನ, ಈ ಎಂಟೂ ಇನ್ನೂರನೆಯ ಎಲೆಗೆ ತಲಪುವುವೆ ಎಂದು ಕೇಳಿಕೊಳ್ಳಬೇಕು.

ಸಿಹಿ ಒಂದೇ ಇರಲಿ, ಆದರೆ ಅದು ಚೆನ್ನಾಗಿರಲಿ. ಜಿಲೇಬಿ, ಲಾಡು, ಮೈಸೂರುಪಾಕುಗಳಿಗೆ ಸಕ್ಕರೆಯೂ ಎಣ್ಣೆ ತುಪ್ಪಗಳೂ ನುರಿತ ಕೈಯೂ ಬೇಕು. ಕಡಲೆಬೇಳೆಯ ಪಾಯಸಕ್ಕೆ ಬೇಕಾದುದು ಬೇಳೆ, ಬೆಲ್ಲ, ತೆಂಗಿನಕಾಯಿ, ಏಲಕ್ಕಿ. ಬೆಲ್ಲವನ್ನು ಕರಗಿಸಿ ಸೋಸಿಯೇ ಹಾಕಬೇಕು. ಕಾಯಿಹಾಲನ್ನು ಕೊನೆಗೆ ಹಾಕಿ, ಮತ್ತೆ ಕುದಿಯಗೊಡದೆ ಇಳಿಸಬೇಕು, ಕುದಿದರೆ ಒಡೆಯುವುದು.

ತರಕಾರಿಯನ್ನು ಕೊಳ್ಳುವಾಗ ಅಂಗಡಿಯ ಬೆಲೆಯೊಂದನ್ನೇ ನೋಡಬಾರದು. ಎಷ್ಟು ಪಾಲು ಪಾತ್ರೆಗೆ ಬೀಳುವುದೆಂಬುದನ್ನೂ ನೋಡಬೇಕು. ಹಸಿ ಬಟಾಣಿಯಲ್ಲಿ ಹೆಚ್ಚುಕಡಿಮೆ ಅರ್ಧ ತೂಕ ಸಿಪ್ಪೆಯೇ. ಸಿಹಿಗುಂಬಳದಲ್ಲಿ ದಂಡವಾಗುವುದು ಸ್ವಲ್ಪ. ಬಲಿತ ಬೂದುಗುಂಬಳವನ್ನು ಕತ್ತರಿಸದೆ ಇಟ್ಟರೆ ವಾರಗಟ್ಟಲೆ ಕೆಡದು. ಆದುದರಿಂದ ಬೆಲೆ ಇಳಿದಿರುವಾಗಲೇ ಕೊಂಡಿಡಬಹುದು. ಆಯಾ ಕಾಲದ ತರಕಾರಿಯೇ ಅಗ್ಗವೂ ರುಚಿಯೂ ಆದುದು. ಹುಳಿಗೆ ಒಂದು ಗುಂಬಳ, ಪಲ್ಯಕ್ಕೆ ಆ ವಾರದ ಸಂತೆಯಲ್ಲಿ ಹೇರಳವಾಗಿ ಬಂದ ತರಕಾರಿ ಎಂದು ಇಟ್ಟುಕೊಂಡರೆ ನಿಶ್ಚಿಂತೆ.

ಮಾಂಸದ ಅಡಿಗೆ ವಾಡಿಕೆಯಾಗಿರುವ ಮನೆಗಳಲ್ಲಿಯೂ ಇದೇ ನಿಯಮ ಸಲ್ಲುವುದು. ಮಾಂಸದ ಪದಾರ್ಥ ಒಂದೇ ಸಾಕು. ಅದಕ್ಕೆ ಬೇರೆ ಒಲೆ, ಬೇರೆ ಸೌಟು, ಬೇರೆ ಸಾಲು ಇರಲಿ. ಶಾಕಾಹಾರಿಗಳಾದ ಅತಿಥಿಗಳು ಸಂದೇಹಪಡುತ್ತ ಉಣ್ಣುವಂತೆ ಆಗಬಾರದು.

೫. ಅಳತೆ

ಹಿರಿಯರು ಸೇರು ಪಾವುಗಳಲ್ಲಿ ಹೇಳುತ್ತಿದ್ದ ಅಳತೆಗಳನ್ನು ಈಗ ಹಾಗೆಯೇ ಉಪಯೋಗಿಸುವುದು ಅಪಾಯ. ಸೇರೆಂಬುದು ಸೀಮೆಯಿಂದ ಸೀಮೆಗೆ ಬೇರೆಯಾಗಿತ್ತು. ಇನ್ನೂರು ಮಂದಿಗೆ ಮೇಲಿನ ಪಟ್ಟಿಯಂತೆ ಊಟ ಹಾಕಲು ನಮ್ಮ ಅನುಭವದಲ್ಲಿ ಬೇಕಾಗುವ ಸಾಮಾನು ಹೀಗಿದೆ:

ಅನ್ನಕ್ಕೆ ಅಕ್ಕಿ ೧೬ ಕಿಲೋ. ಚಿತ್ರಾನ್ನಕ್ಕೆ ಅಕ್ಕಿ ೮ ಕಿಲೋ.
ಹುಳಿಗೆ ತೊಗರಿಬೇಳೆ ೫ ಕಿಲೋ, ತರಕಾರಿ ೧೨ ಕಿಲೋ. ಸಾರಿಗೆ ತೊಗರಿಬೇಳೆ ೨ ಕಿಲೋ.
ಪಲ್ಯಕ್ಕೆ ತರಕಾರಿ ೧೬ ಕಿಲೋ.
ಕೋಸಂಬರಿಗೆ ಹೆಸರುಬೇಳೆ ೨ ಕಿಲೋ, ಸೌತೆಕಾಯಿ ೫ ಕಿಲೋ.
ಪಾಯಸಕ್ಕೆ ಕಡಲೆಬೇಳೆ ೫ ಕಿಲೋ, ಬೆಲ್ಲ ೮ ಕಿಲೋ.
ಎಲ್ಲಕ್ಕೂ ಸೇರಿ ತೆಂಗಿನಕಾಯಿ ೩೬. ನಿಂಬೆಯ ಹಣ್ಣು ೪೦.
ಎಣ್ಣೆ ೬ ಕಿಲೋ; ತುಪ್ಪ ೧ ಕಿಲೋ.
ಮೊಸರು ೧೬ ಲೀಟರು. ಕಡೆದು ನೀರು ಬೆರೆಸಿದರೆ ಮಜ್ಜಿಗೆ ೪೦ ಲೀಟರು.
ಹಪ್ಪಳ ೨೨೦, ಬಾಳೆಯ ಎಲೆ ೨೩೦.

ಅಕ್ಕಿಯ ಲೆಕ್ಕವನ್ನು ಬಿಡಿಸಿ ನೋಡಿದರೆ ಒಬ್ಬರಿಗೆ ಅನ್ನಕ್ಕೆ ೮೦ ಗ್ರಾಂ, ಚಿತ್ರಾನ್ನಕ್ಕೆ ೪೦ ಗ್ರಾಂ, ಒಟ್ಟು ೧೨೦ ಗ್ರಾಂ ಆಗುವುದು. ಮನೆಯಲ್ಲಿ ದುಡಿದು ಬಂದವನು ಇದಕ್ಕಿಂತ ಹೆಚ್ಚು ಉಂಡಾನು, ಮಕ್ಕಳೂ ವೃದ್ಧರೂ ಕಡಿಮೆ ಉಂಡಾರು. ಸೇರಿಸಿ ನೋಡಿದಾಗ ಲೆಕ್ಕ ಸರಿಹೋಗುವುದು. ಬರುವವರಲ್ಲಿ ಹೊಲದ ಕೆಲಸ ಮಾಡುವವರೇ ಹೆಚ್ಚಾಗಿದ್ದರೆ ಅನ್ನದ ಅಕ್ಕಿಯನ್ನು ಕಾಲು ಪಾಲು ಹೆಚ್ಚಿಸಿರಿ.

ಈಗ ಮಿತವ್ಯಯದ ಮುಖ್ಯವಾದ ಗುಟ್ಟಿಗೆ ಬರುವೆವು. ಉಗ್ರಾಣದಲ್ಲಿ ಉಳಿದ ಅಕ್ಕಿ ನಾಳೆಯೂ ಅಕ್ಕಿಯೇ. ಬೇಯಿಸಿ ಉಳಿದ ಅನ್ನ ನಾಳೆಗೆ ಬಾರದು. ಆದುದರಿಂದ ಸಾಮಾನನ್ನು ಧಾರಾಳವಾಗಿ ತರಿಸಿ, ಬೇಯಿಸುವುದನ್ನು ಮಾತ್ರ ಕಂತು ಕಂತಾಗಿ ಮಾಡಬೇಕು. ಒಡೆಯದ ಚೀಲವನ್ನು ಹಿಂದಕ್ಕೆ ತೆಗೆದುಕೊಳ್ಳುವಂತೆ ಅಂಗಡಿಯವನೊಡನೆ ಮೊದಲೇ ಮಾತಾಡಿಕೊಂಡಿರಿ. ಊಟದ ಮನೆಯಲ್ಲಿ ಒಂದು ಸಲಕ್ಕೆ ಐವತ್ತು ಎಲೆ ಹಾಕಬಹುದೆಂದು ಇಟ್ಟುಕೊಂಡರೆ ನಾಲ್ಕು ಪಂಕ್ತಿಗಳಾದುವು. ಮೊದಲ ಎರಡು ಪಂಕ್ತಿಗಳಿಗೆಂದು ೮ ಕಿಲೋ ಅಕ್ಕಿಯ ಅನ್ನ ಸಿದ್ಧವಿರಲಿ. ಎರಡನೆಯ ಪಂಕ್ತಿ ಕುಳಿತ ಕೂಡಲೇ ಮುಂದಿನ ೪ ಕಿಲೋವನ್ನು ಒಲೆಗೆ ಏರಿಸಿರಿ. ಮೂರನೆಯ ಪಂಕ್ತಿ ಕುಳಿತಾಗ ಮಂಟಪದಲ್ಲಿ ಉಳಿದಿರುವ ತಲೆಗಳನ್ನು ಎಣಿಸಿ ನೋಡಿ, ಕೊನೆಯ ೪ ಕಿಲೋವನ್ನು ಪೂರ್ತಿ ಹಾಕಬೇಕೋ ಅರ್ಧ ಹಾಕಬೇಕೋ ನಿಶ್ಚಯಿಸಿರಿ. ಹೀಗೆ ಮಾಡಿದರೆ ಕೊನೆಯ ಪಂಕ್ತಿಗೂ ಬಿಸಿ ಅನ್ನ. ಉಳಿದು ಹಾಳಾಗುವುದೂ ಇಲ್ಲ.

ಹುಳಿಯನ್ನೂ ಎರಡು ಕೊಳಗಗಳಲ್ಲಿ ಮಾಡತಕ್ಕದ್ದು. ಎರಡನೆಯ ಕೊಳಗದ ಬೇಳೆ ತರಕಾರಿಗಳು ಬೆಂದು ಬಿಸಿಯಾಗಿಯೇ ಇರಲಿ. ರುಬ್ಬಿದ ತೆಂಗಿನಕಾಯಿಯ ಮಸಾಲೆಯನ್ನು ಮಾತ್ರ ಬೇಕಾದಾಗ ಸೇರಿಸಿ ಕುದಿಸಬೇಕು. ಕಾಯಿ ಬೆರೆತ ಪದಾರ್ಥ ಬೇಗನೆ ಹಳಸುವುದೆಂದು ಎಲ್ಲ ಗೃಹಿಣಿಯರೂ ಬಲ್ಲರು.

೬. ಸೌಟಿನ ಲೆಕ್ಕ

ಸಾಮಾನು ಸರಿಯಾಗಿ ತಂದು, ಅಡಿಗೆಯೂ ಸರಿಯಾಗಿ ಆಗಿ, ಕೊನೆಯ ಪಂಕ್ತಿಗೆ ಸಾಲದೆ ಬರುವುದು ಏಕೆ? ನಮ್ಮ ಮನೆಯ ಮದುವೆಯ ಮರುದಿನ ಈ ಪ್ರಶ್ನೆಯನ್ನು ನಾವು ಬಹಳ ಹೊತ್ತು ಚರ್ಚಿಸಿದೆವು. ಕೊನೆಗೆ ಬಾಡಿಗೆಯ ಸೌಟನ್ನು ತಂದು ನೀರಿನಿಂದ ಅಳೆದು ನೋಡಿದಾಗ ಉತ್ತರ ಸಿಕ್ಕಿತು.

ಹತ್ತು ಲೀಟರಿನ ಬಕೇಟಿನಲ್ಲಿ ಹುಳಿ ಇದೆ. ನೂರು ಮಿಲಿಲೀಟರು ಹಿಡಿಯುವ ಸೌಟಿನಿಂದ ಬಡಿಸಿದರೆ ನೂರು ಎಲೆಗಳಿಗೆ ಒಂದೊಂದು ಸೌಟು ಬರುವುದು. ಅದೇ ಸೌಟು ನೂರೈವತ್ತು ಹಿಡಿಯುವುದಾದರೆ ಅರವತ್ತಾರನೆಯ ಎಲೆಯಲ್ಲಿಯೇ ಬಕೇಟು ಬರಿದಾಗುವುದು. ಬಡಿಸುವವನು ಒಬ್ಬರಿಗೂ ಹೆಚ್ಚು ಹಾಕಲಿಲ್ಲ. ಎಲ್ಲರಿಗೂ ಒಂದೇ ಸೌಟು ಹಾಕಿದನು. ಆದರೂ ಮೂವತ್ತನಾಲ್ಕು ಮಂದಿಗೆ ಹುಳಿ ಇಲ್ಲವಾಯಿತು. ಮೊದಲ ಎಲೆಗಳಲ್ಲಿ ಹೆಚ್ಚಾದ ಹುಳಿ ಎಲೆಯೊಡನೆ ಹೊರಗೆ ಬಿದ್ದಿತು.

ಆದುದರಿಂದ ಊಟಕ್ಕೆ ಮೊದಲು ಪ್ರತಿಯೊಂದು ಸೌಟನ್ನೂ ಅಳೆಯಿರಿ. ಮನೆಯಲ್ಲಿ ಔಷಧದ ಅಳತೆಯ ಲೋಟವೋ ಒಂದು ಲೀಟರಿನ ಹಾಲಿನ ಅಳತೆಯೋ ಇದ್ದರೆ ಇದು ಐದು ನಿಮಿಷದ ಕೆಲಸ. ಹುಳಿಗೂ ಪಾಯಸಕ್ಕೂ ನೂರರ ಸೌಟು, ಪಲ್ಯಕ್ಕೂ ಕೋಸಂಬರಿಗೂ ದೊಡ್ಡ ಚಮಚ. ದೊಡ್ಡ ಸೌಟುಗಳನ್ನು ಉಗ್ರಾಣದಲ್ಲಿಟ್ಟು ಬೀಗ ಹಾಕುವುದು ಉತ್ತಮ. ಎರಡನೆಯ ಸಲಕ್ಕೂ ಸಾಲುವಂತೆ ಒಬ್ಬರಿಗೆ ಹುಳಿ ೧೫೦ ಮಿಲಿಲೀಟರು ಎಂದು ಹಿಡಿದು, ಇನ್ನೂರು ಮಂದಿಗೆ ೩೦ ಲೀಟರು ಮಾಡಿರಿ. ಮೊದಲ ಸಲ ಎಲ್ಲರಿಗೂ ಒಂದು ಸೌಟು; ಬೇಕೆಂದವರಿಗೆ ಇನ್ನೊಂದು. ಬೇಡವೆನ್ನುವವರು ಇದ್ದೇ ಇರುತ್ತಾರೆ.

ಇದು ಜಿಪುಣತನವಲ್ಲವೆ ಎಂದು ಕೇಳಬಹುದು. ಒಂದು ಸೌಟು ಹಾಕಿ ಮುಂದಕ್ಕೆ ಓಡಿಹೋದರೆ ಜಿಪುಣತನವೇ ಸರಿ. ಆದರೆ ಎರಡು ಸಲ ಮೂರು ಸಲ ಬಂದು, ಎಲೆಯನ್ನು ನೋಡಿ, "ಅಜ್ಜಿ, ಇನ್ನು ಸ್ವಲ್ಪ ಅನ್ನ ಹಾಕಲೆ?" ಎಂದು ಕೇಳುವವರಿದ್ದರೆ ಯಾರಿಗೂ ಕೊರತೆ ತೋರದು. ಬೇಡವೆಂದು ಕೈ ಅಡ್ಡ ಹಿಡಿದವರ ಎಲೆಗೆ ಬಲವಂತದಿಂದ ಸುರಿಯುವುದನ್ನು ಉಪಚಾರವೆಂದು ತಿಳಿಯುವ ಪದ್ಧತಿಯನ್ನು ಮಾತ್ರ ಬಿಟ್ಟುಬಿಡಬೇಕು.

೭. ಬಡಿಸುವ ಕ್ರಮ

ಐವತ್ತು ಎಲೆಗಳಿಗೆ ಐದು ಮಂದಿ ಬಡಿಸುವವರು ಬೇಕು. ಕೂಲಿಯವರು ಇಬ್ಬರಿದ್ದರೆ, ಉಳಿದ ಮೂವರು ಮನೆಯ ಹುಡುಗ ಹುಡುಗಿಯರೇ ಆಗಬಹುದು. ಹಿಂದಿನ ದಿನ ಅವರಿಗೆ ಖಾಲಿ ಪಾತ್ರೆ ಸೌಟುಗಳಿಂದ ಅಭ್ಯಾಸ ಮಾಡಿಸಿರಿ. ಎಲೆಯ ತುದಿ ಉಣ್ಣುವವರ ಎಡಕ್ಕಿರಬೇಕು. ಅತಿಥಿಗಳು ಕುಳಿತುಕೊಳ್ಳುವ ಮೊದಲೇ ಉಪ್ಪು, ಉಪ್ಪಿನಕಾಯಿ, ಪಲ್ಯಗಳನ್ನು ಬಡಿಸಬಹುದು. ಕೋಸಂಬರಿಗೆ ಉಪ್ಪು ಹಾಕಿದ ಕೂಡಲೇ ಸೌತೆಕಾಯಿ ನೀರು ಬಿಡುವುದರಿಂದ, ಪ್ರತಿಯೊಂದು ಪಂಕ್ತಿಗೂ ಆಗಾಗಲೇ ಕಲಸಬೇಕು. ಎಲ್ಲರೂ ಕುಳಿತ ಮೇಲೆ ಪಾಯಸ, ಚಿತ್ರಾನ್ನ, ಹಪ್ಪಳ, ಆಮೇಲೆ ಅನ್ನ, ತುಪ್ಪ, ಹುಳಿ, ಅನಂತರ ಸಾರು, ಕೊನೆಗೆ ಮಜ್ಜಿಗೆ. ಚಿತ್ರಾನ್ನವನ್ನು ಮೊದಲು ಬಡಿಸುವುದರಿಂದ ಹಸಿವಿನ ಆತುರ ತಗ್ಗಿ, ಅನ್ನ ಹುಳಿಗಳನ್ನು ಸಾವಕಾಶವಾಗಿ ಬಡಿಸಲು ಅನುಕೂಲವಾಗುವುದು.

ಒಂದು ಪಂಕ್ತಿಗೆ ಎಲೆ ತೆಗೆದು ಒರಸುವುದೂ ಸೇರಿ ೪೦ ನಿಮಿಷ ಹಿಡಿಯುವುದು. ಏಳೂವರೆಗೆ ಆರಂಭಿಸಿದರೆ ನಾಲ್ಕನೆಯ ಪಂಕ್ತಿ ಏಳುವಾಗ ಹತ್ತು ಗಂಟೆ ದಾಟುವುದು. ಮಕ್ಕಳನ್ನೂ ತಾಯಂದಿರನ್ನೂ ವೃದ್ಧರನ್ನೂ ದೂರದ ಊರಿಗೆ ಹೋಗತಕ್ಕವರನ್ನೂ ಮೊದಲ ಪಂಕ್ತಿಯಲ್ಲಿ ಕುಳ್ಳಿರಿಸಿರಿ. ಇದನ್ನು ನೋಡಿಕೊಳ್ಳುವುದಕ್ಕೆ ನೆಂಟರೆಲ್ಲರ ಗುರುತು ಬಲ್ಲ ಒಬ್ಬ ಚಿಕ್ಕಮ್ಮನೋ ದೊಡ್ಡಪ್ಪನೋ ಊಟದ ಮನೆಯ ಬಾಗಿಲಲ್ಲಿ ನಿಂತಿರಬೇಕು.

ಈಗ ಬಹಳ ಕಡೆ ನಿಂತು ಉಣ್ಣುವ ಬಫೆ ಪದ್ಧತಿ ಬಂದಿದೆ. ಬಡಿಸುವವರ ಕೂಲಿ ಇದರಲ್ಲಿ ಉಳಿಯುವುದು ನಿಜ. ಆದರೆ ಸೌಟು ಅತಿಥಿಗಳ ಕೈಗೆ ಹೋಗುವುದರಿಂದ ಅಳತೆ ನಮ್ಮ ಕೈ ತಪ್ಪುವುದು. ಮತ್ತೊಮ್ಮೆ ಸಾಲಿನಲ್ಲಿ ನಿಲ್ಲಲು ಬೇಸರಪಟ್ಟು ಜನರು ಒಂದೇ ಸಲ ತಟ್ಟೆ ತುಂಬಿಕೊಳ್ಳುವುದೂ ಉಂಟು. ಈ ಪದ್ಧತಿಯನ್ನೇ ಇಟ್ಟುಕೊಳ್ಳುವುದಾದರೆ ಅನ್ನ ಸಾರುಗಳನ್ನು ಸಾಲಿನ ಮೊದಲಲ್ಲಿಯೂ ಸಿಹಿಯನ್ನು ಕೊನೆಯಲ್ಲಿಯೂ ಇಡಿರಿ. ಸಿಹಿಯ ಬಳಿ ಮಾತ್ರವಾದರೂ ಬಡಿಸುವವರೊಬ್ಬರು ನಿಲ್ಲಲಿ. ಕುಳಿತುಕೊಳ್ಳಲು ಕುರ್ಚಿ ಬೇಕಾದ ವೃದ್ಧರಿಗೆ ತಟ್ಟೆಯನ್ನು ಅವರಿದ್ದಲ್ಲಿಗೇ ಒಯ್ದು ಕೊಡುವುದನ್ನು ಮರೆಯಬಾರದು.

೮. ಶುಚಿಯನ್ನು ಕುರಿತು

ಹಣವನ್ನು ಎಲ್ಲಿ ಉಳಿಸಿದರೂ ನೀರಿನಲ್ಲಿಯೂ ಶುಚಿಯಲ್ಲಿಯೂ ಉಳಿಸಬಾರದು. ಕುಡಿಯುವ ನೀರನ್ನು ಕುದಿಸಿ ಆರಿಸಿಡಬೇಕು, ಇಲ್ಲವೆ ಶುದ್ಧವಾದ ನೀರನ್ನು ತರಿಸಬೇಕು. ಒಬ್ಬರಿಗೆ ಒಂದು ಲೀಟರಿನಂತೆ ಎಣಿಸಿರಿ. ಅಡಿಗೆಯವರಿಗೂ ಬಡಿಸುವವರಿಗೂ ಕೈ ತೊಳೆಯಲು ಸಾಬೂನು ಒಲೆಯ ಹತ್ತಿರವೇ ಇರಲಿ.

ಅನ್ನವು ನಿರಪಾಯವಾದ ಪದಾರ್ಥವೆಂದು ನಾವು ತಿಳಿಯುತ್ತೇವೆ. ಆದರೆ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ಅಕ್ಕಿಯಲ್ಲಿ ಇರಬಹುದು. ಅವು ಕುದಿಯುವ ನೀರಿನಲ್ಲಿಯೂ ಸಾಯದೆ ಉಳಿದು, ಅನ್ನವು ಉಗುರುಬೆಚ್ಚಗಾದಾಗ ಮೊಳೆತು ಹೆಚ್ಚುವುವು. ಅವು ಉಂಟುಮಾಡುವ ಒಂದು ವಿಷವಂತೂ ಅನ್ನವನ್ನು ಮತ್ತೆ ಕಾಯಿಸಿದರೂ ಹೋಗದು. ಉಂಡವರಿಗೆ ಕೆಲವು ಗಂಟೆಗಳಲ್ಲಿಯೇ ವಾಂತಿಯಾಗುವುದು. ಬೆಂದ ಆಹಾರವನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಕಾಲ ಇಡಬಾರದೆಂದೂ, ಬಡಿಸುವ ತನಕ ೬೦ ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಾದ ಬಿಸಿಯಲ್ಲಿ ಇಡಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುತ್ತಾರೆ. ಅಂದರೆ ಕೈಯಿಟ್ಟರೆ ತಾಳಲಾರದಷ್ಟು ಬಿಸಿ. ಕಂತು ಕಂತಾಗಿ ಬೇಯಿಸುವ ಕ್ರಮ ಇದಕ್ಕೂ ಅನುಕೂಲ.

ಹುಳಿ, ಸಾರು, ಚಿತ್ರಾನ್ನ, ಮಜ್ಜಿಗೆಗಳಂಥ ಹುಳಿಯ ಪದಾರ್ಥಗಳನ್ನು ಕಲಾಯಿ ಇಲ್ಲದ ಹಿತ್ತಾಳೆ ತಾಮ್ರದ ಪಾತ್ರೆಗಳಲ್ಲಿ ಇಡಲೇಬಾರದು. ಬಾಡಿಗೆಯ ಪಾತ್ರೆಗಳನ್ನು ತರುವಾಗಲೇ ಒಳಗನ್ನು ನೋಡಿ ಆರಿಸಿರಿ. ವೈಶಾಖದ ಬಿಸಿಲಿನಲ್ಲಿ ನಡೆಯುವ ಮದುವೆಗಳಲ್ಲಿ ಮೊಸರು ಬೇಗನೆ ಹುಳಿಯುವುದರಿಂದ ಹೆಪ್ಪನ್ನು ತಡವಾಗಿ ಹಾಕುವುದು ಲೇಸು. ಊಟದ ಕೊನೆಗೆ ಬಿಸಿಯಾಗಿ ಉಳಿದಿರುವುದನ್ನು ಆ ರಾತ್ರಿಯೇ ಹಂಚಿಬಿಡಬೇಕು; ಹೀಗೆ ಒಯ್ದು ಹಸಿದವರಿಗೆ ಹಂಚುವ ಸ್ವಯಂಸೇವಕರು ಈಗ ದೊಡ್ಡ ಊರುಗಳಲ್ಲಿದ್ದಾರೆ. ಎಲೆಯಲ್ಲಿ ಉಳಿದುದನ್ನಾಗಲಿ ಬೆಳಗಿನ ತನಕ ಇಟ್ಟುದನ್ನಾಗಲಿ ಕೊಡುವುದು ದಾನವಾಗದು.

೯. ಕೊನೆಯ ಪಂಕ್ತಿ

ಮೊದಲ ಪಂಕ್ತಿಗೆ ಅಡಿಗೆಯನ್ನು ಹೊರಕ್ಕೆ ತರುವ ಮುನ್ನವೇ ಇಪ್ಪತ್ತು ಮಂದಿಗೆ ಬೇಕಾಗುವಷ್ಟು ಪಲ್ಯ, ಹಪ್ಪಳ, ಪಾಯಸಗಳನ್ನು ಬೇರೆ ಪಾತ್ರೆಗಳಲ್ಲಿ ತೆಗೆದು, ಮುಚ್ಚಿ, ಪಾಯಸ ಪಲ್ಯಗಳನ್ನು ಬಿಸಿನೀರಿನ ಕೊಳಗದೊಳಗೆ ಇಡಿರಿ. ಇದು ದುಡಿದವರ ಪಾಲು. ಎಷ್ಟೇ ದೊಡ್ಡ ಮನುಷ್ಯರು ಬಂದರೂ ಇದನ್ನು ಮುಟ್ಟಕೂಡದೆಂದು ಉಗ್ರಾಣದ ಬೀಗದ ಕೈ ಇಟ್ಟುಕೊಂಡವರಿಗೆ ಕಟ್ಟುನಿಟ್ಟಾಗಿ ತಿಳಿಸಬೇಕು. ಅಡಿಗೆಯವರೂ ಪಾತ್ರೆ ತೊಳೆಯುವವರೂ ಕೂಲಿ ತೆಗೆದುಕೊಳ್ಳುವರೆಂಬುದು ನಿಜ. ಆದರೆ ಆ ದಿನ ಅವರು ನಮ್ಮ ಮನೆಯಲ್ಲಿ ಉಣ್ಣುವವರು, ಆದುದರಿಂದ ಅತಿಥಿಗಳೇ. ಹಸಿದುಕೊಂಡು ಇತರರಿಗೆ ಬಡಿಸಿದವರನ್ನು ತಳ ಕೆರೆದು ಕಳುಹಿಸಿದರೆ, ಆ ಮದುವೆ ಎಷ್ಟು ಅಗ್ಗವಾಗಿ ಆದರೂ ಮಿತವ್ಯಯವೆನಿಸದು.

ಹಿರಿಯ ಮಗಳ ಮದುವೆಯಾದ ಐದನೆಯ ವರುಷಕ್ಕೆ ಕಿರಿಯವಳ ಮದುವೆ ಬಂದಿತು. ಈ ಸಲ ಪಟ್ಟಿಯಲ್ಲಿ ಮೇಲೆ ಹೇಳಿದ ಎಂಟು ಪದಾರ್ಥಗಳೇ. ಬಗೆ ಕಡಿಮೆಯೆಂದು ಮೊದಲ ಪಂಕ್ತಿಯಲ್ಲಿ ಒಬ್ಬಿಬ್ಬರು ಅಂದುಕೊಂಡರೆಂದು ಆಮೇಲೆ ಕೇಳಿದೆವು. ಎಲ್ಲರನ್ನೂ ಮೆಚ್ಚಿಸಿದೆವೆಂದು ಹೇಳಲಾರೆವು. ಆದರೆ 'ಸಾಲದೆ ಬಂತು' ಎಂಬ ಮಾತು ಆ ರಾತ್ರಿ ಒಳಮನೆಯಲ್ಲಿ ಕೇಳಿಬರಲಿಲ್ಲ. ನಾಲ್ಕನೆಯ ಪಂಕ್ತಿಯಲ್ಲಿ ಸೋದರತ್ತೆಯ ಎರಡು ಪಕ್ಕಗಳಲ್ಲಿ ನಾವು ಕುಳಿತೆವು. ಎದುರಿನ ಸಾಲಿನಲ್ಲಿ ಅಡಿಗೆಯವರೂ ಪಾತ್ರೆ ತೊಳೆದ ಹೆಂಗಸರೂ ಕುಳಿತರು. ಹೊಸ ಮದುಮಗಳೂ ಅಳಿಯನೂ ಬಂದು ಆ ಪಂಕ್ತಿಗೆ ಪಾಯಸವನ್ನು ಬಡಿಸಿದರು. ಅನ್ನವು ಹೊಗೆಯಾಡುತ್ತಿತ್ತು. ಸೋದರತ್ತೆ ಎರಡನೆಯ ಸಲ ಹುಳಿಯನ್ನು ಹಾಕಿಸಿಕೊಂಡರು. ಮರುದಿನ ಉಗ್ರಾಣದಲ್ಲಿ ಉಳಿದಿದ್ದುದು ಎರಡು ಕಿಲೋ ಅಕ್ಕಿ, ಒಂದು ಕಿಲೋ ಬೇಳೆ, ನಾಲ್ಕು ತೆಂಗಿನಕಾಯಿ. ಹತ್ತನೆಯ ಭಾಗದ ಹಣದಲ್ಲಿ ಅರ್ಧವೂ ಹಾಗೆಯೇ ಇದ್ದಿತು. ಅದನ್ನು ಮಗಳ ಹೆಸರಿನಲ್ಲಿ ಅಂಚೆಕಚೇರಿಯ ಖಾತೆಗೆ ಕಟ್ಟಿದೆವು.

ಓದಿದ ಸಹೋದರಿಯರು ತಮ್ಮ ಮನೆಯ ಮುಂದಿನ ಶುಭಕಾರ್ಯಕ್ಕೆ ಈ ಪಾಠದಲ್ಲಿ ಬೇಕಾದುದನ್ನು ತೆಗೆದುಕೊಂಡು, ತಮ್ಮ ಸೀಮೆಯ ಅಡಿಗೆಗೆ ತಕ್ಕಂತೆ ತಿದ್ದಿಕೊಳ್ಳಲಿ. ಬೇರೇನನ್ನು ಮರೆತರೂ ಎರಡನ್ನು ಮಾತ್ರ ಮರೆಯದಿರಲಿ: ಊಟಕ್ಕೆ ಮೊದಲು ಸೌಟನ್ನು ಅಳೆಯುವುದು, ಲೆಕ್ಕವನ್ನು ಕೊನೆಯ ಪಂಕ್ತಿಯಿಂದ ಆರಂಭಿಸುವುದು.